ಮೊಗ್ಗು ಅರಳುವ ಮುನ್ನ ಜಡೆ ಮುಗಿಯಬೇಕು

ಹಳೆ ಮೈಸೂರು ಕಡೆಯವರ ಮನೆಯ ಹಳೆಯ ಆಲ್ಬಮ್ ತೆರೆದರೆ ಒಂದು ಫೋಟೋ ಸಿಕ್ಕೇ ಸಿಗುತ್ತದೆ. ಎಂಟೋ ಹತ್ತೋ ವರ್ಷದ ಹುಡುಗಿ, ಜರಿಯಂಚಿನ ಲಂಗ, ಬಿಗಿದ ಮುಖ. ಅವಳ ಹಿಂದೆ ಸ್ಟುಡಿಯೋದವರು ನಿಲ್ಲಿಸಿದ ದೊಡ್ಡ ಕನ್ನಡಿ. ಆ ಕನ್ನಡಿಯಲ್ಲಿ ಅವಳ ಬೆನ್ನು, ಬೆನ್ನಿನ ಮೇಲೆ ಸೊಂಟದವರೆಗೂ ಇಳಿದ ಮೊಗ್ಗಿನ ಜಡೆ. ಫೋಟೋ ತೆಗೆಸುತ್ತಿದ್ದದ್ದೇ ಜಡೆಗಾಗಿ.

ನನ್ನದೂ ಅಂಥದ್ದೊಂದು ಫೋಟೋ ಇದೆ. ನೋಡಿದಾಗಲೆಲ್ಲ ದೊಡ್ಡಮ್ಮನ ಕೈ ನೆನಪಾಗುತ್ತದೆ. ಬೇಸಿಗೆ ರಜೆ, ಮಲ್ಲಿಗೆ ಅಗ್ಗವಾಗಿ ಸಿಗುವ ಕಾಲ. ನಡುಮನೆಯಲ್ಲಿ ಮಣೆ ಹಾಕಿ ನನ್ನನ್ನು ಕೂರಿಸಿ, ಒದ್ದೆ ಬಟ್ಟೆಯ ಮೇಲೆ ಮೊಗ್ಗು ಹರಡಿಕೊಂಡು, ನೇರವಾಗಿ ಕೂದಲಿಗೇ ಹೊಲಿಯುತ್ತಿದ್ದರು. ಕತ್ತು ತಿರುಗಿಸಿದರೆ ‘ಅಲ್ಲಾಡ್ಬೇಡ್ವೇ, ಸಾಲು ಸೊಟ್ಟ ಆಗುತ್ತೆ’ ಎಂದು ತಲೆಯ ಮೇಲೆ ಮೆಲ್ಲಗೆ ಮೊಟಕುತ್ತಿದ್ದರು. ಮುಗಿಯುವಷ್ಟರಲ್ಲಿ ಎರಡೂವರೆ ಗಂಟೆ.

ಈಗ ಮದುವೆ ಮನೆಗೆ ಸಿದ್ಧ ಜಡೆ ಡಬ್ಬಿಯಲ್ಲಿ ಬರುತ್ತದೆ. ಎಷ್ಟೋ ಸಲ ಅದರಲ್ಲಿ ಮೊಗ್ಗಿನ ಜಾಗದಲ್ಲಿ ಬಟ್ಟೆಯ ಹೂವಿರುತ್ತದೆ, ವಾಸನೆಯೇ ಇರುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರ ತರುವ ಸಂಗತಿ. ಮೊಗ್ಗಿನ ಜಡೆಯನ್ನು ಮನೆಯಲ್ಲೇ ಹೊಲಿಯಬಹುದು. ಕಾಲು ಕೆಜಿ ಬಿಡಿ ಮೊಗ್ಗು, ಮೂರು ಗಂಟೆ ಬಿಡುವು, ಒಟ್ಟಿಗೆ ಕೂರಲು ಇಬ್ಬರು ಇದ್ದರೆ ಸಾಕು. ಕೈಚಳಕಕ್ಕಿಂತ ಮುಖ್ಯವಾಗಿ ಬೇಕಾದದ್ದು ಮೊಗ್ಗಿನ ಹೊತ್ತಿನ ಅಂದಾಜು.

ಮೊಗ್ಗಿಗೂ ಒಂದು ಗಡಿಯಾರವಿದೆ

ದುಂಡು ಮಲ್ಲಿಗೆಯನ್ನು ಬೆಳಗಿನ ಜಾವ ಕೀಳುತ್ತಾರೆ. ಆಗ ಮೊಗ್ಗು ಪೂರ್ತಿ ಬಿಳಿಯಾಗಿರುತ್ತದೆ, ತುದಿ ಮಾತ್ರ ಬಿಗಿ. ಅದೇ ದಿನ ಸಂಜೆ ಕಳೆಯುತ್ತಿದ್ದಂತೆ ಅರಳಲು ತೊಡಗುತ್ತದೆ. ಸೆಕೆಯಿದ್ದರೆ ಬೇಗ, ತಂಪಿದ್ದರೆ ತಡ. ಮೊಗ್ಗಿನ ಜಡೆಯ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಸಮಾರಂಭ ಸಂಜೆಯದ್ದಾದರೆ ಚಿಂತೆಯಿಲ್ಲ. ಬೆಳಗ್ಗೆ ಮಾರುಕಟ್ಟೆಯಿಂದ ಮೊಗ್ಗು ತನ್ನಿ, ಮಧ್ಯಾಹ್ನ ಬಟ್ಟೆಯ ಪಟ್ಟಿಗೆ ಹೊಲಿಯಿರಿ, ನಾಲ್ಕು ಗಂಟೆಗೆ ಮುಡಿಸಿ. ಆರತಿಯ ಹೊತ್ತಿಗೆ ಮೊಗ್ಗುಗಳು ಜಡೆಯ ಮೇಲೆಯೇ ಒಂದೊಂದಾಗಿ ಬಿರಿಯುತ್ತವೆ. ಹುಡುಗಿ ನಡೆದು ಹೋದ ದಾರಿಯೆಲ್ಲ ಘಮಘಮ.

ಬೆಳಗಿನ ಮುಹೂರ್ತವಾದರೆ ಹಿಂದಿನ ರಾತ್ರಿಯೇ ಹೊಲಿದಿಡಬೇಕು. ಇಲ್ಲಿ ನಾನು ಒಮ್ಮೆ ಎಡವಿದ್ದೇನೆ. ತಂಗಿಯ ಮದುವೆಗೆ ರಾತ್ರಿ ಹನ್ನೊಂದರವರೆಗೆ ಕೂತು ಹೊಲಿದ ಜಡೆಯನ್ನು ತಟ್ಟೆಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ ಮಲಗಿಬಿಟ್ಟೆ. ಏಪ್ರಿಲ್ ತಿಂಗಳು. ನಾಲ್ಕು ಗಂಟೆಗೆ ಎದ್ದು ನೋಡಿದರೆ ಎಲ್ಲವೂ ಅರಳಿದ್ದವು. ಸಾಲುಗಳೇ ಕಾಣದೆ ಜಡೆ ಒಂದು ಹೂವಿನ ರಾಶಿಯಾಗಿತ್ತು. ಅಂದಿನಿಂದ ಒಂದೇ ಕ್ರಮ: ತಂದ ಕೂಡಲೇ ಮೊಗ್ಗನ್ನು ಬಾಳೆಲೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುವುದು, ಹೊಲಿಯುವಾಗ ಹಿಡಿಯಷ್ಟೇ ಹೊರತೆಗೆಯುವುದು, ಮುಗಿದ ಜಡೆಯನ್ನು ಮತ್ತೆ ಒದ್ದೆ ಬಟ್ಟೆ, ಬಾಳೆಲೆ ಸುತ್ತಿ ಒಳಗಿಡುವುದು. ಫ್ರೀಜರಿನಲ್ಲಿ ಮಾತ್ರ ಬೇಡ. ಹೆಪ್ಪುಗಟ್ಟಿದ ಮೊಗ್ಗು ಹೊರಬಂದ ಮೇಲೆ ಮೆತ್ತಗಾಗಿ ಕಂದುತ್ತದೆ.

ಯಾವ ಮೊಗ್ಗು? ಹೊಸಬರಿಗೆ ದುಂಡು ಮಲ್ಲಿಗೆಯೇ ಒಳ್ಳೆಯದು, ಸೂಜಿಗೆ ಚೆನ್ನಾಗಿ ಸಿಗುತ್ತದೆ. ಕಾಕಡ ಹೆಚ್ಚು ಹೊತ್ತು ಬಾಳುತ್ತದೆ, ವಾಸನೆ ಕಡಿಮೆ. ಸೂಜಿ ಮಲ್ಲಿಗೆ ತೆಳುವಾದ್ದರಿಂದ ಸಾಲುಗಳು ಹೆಚ್ಚು ಬೇಕು, ಕೆಲಸ ದುಪ್ಪಟ್ಟು. ನಮ್ಮಲ್ಲಿ ಮೈಸೂರು, ಹಡಗಲಿ, ಉಡುಪಿ ಮೂರೂ ಮಲ್ಲಿಗೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಶಂಕರಪುರದ ಸುತ್ತ ಬೆಳೆಯುವ ಉಡುಪಿ ಮಲ್ಲಿಗೆ ಬಾಳೆನಾರಿನಲ್ಲಿ ಕಟ್ಟಿಯೇ ಮಾರಾಟಕ್ಕೆ ಬರುತ್ತದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬುದು ಅಲ್ಲಿಯ ಲೆಕ್ಕ. ಜಡೆಗೆ ಸುತ್ತಲು ಅದಕ್ಕಿಂತ ಚೆಂದದ ಹೂವಿಲ್ಲ. ಆದರೆ ನಾವು ಮಾಡಲಿರುವ ಹೊಲಿಗೆಗೆ ಕಟ್ಟದ ಬಿಡಿ ಮೊಗ್ಗೇ ಬೇಕು.

ಪಟ್ಟಿ, ಸೂಜಿ, ಸಾಲು

ದೊಡ್ಡಮ್ಮನಂತೆ ಕೂದಲಿಗೇ ಹೊಲಿಯಲು ಪಳಗಿದ ಕೈ ಬೇಕು. ಮೊದಲ ಸಲಕ್ಕೆ ಪಟ್ಟಿಯ ಮೇಲೆ ಹೊಲಿದು ಆಮೇಲೆ ಜಡೆಗೆ ಕೂರಿಸುವುದು ಲೇಸು. ದಪ್ಪ ಬಟ್ಟೆಯನ್ನು ಎರಡು ಪದರ ಮಡಿಸಿ ಪಟ್ಟಿ ಕತ್ತರಿಸಿಕೊಳ್ಳಿ: ಎರಡು ಅಡಿ ಉದ್ದ, ಮೇಲ್ತುದಿ ಮೂರು ಇಂಚು ಅಗಲ, ಕೆಳತುದಿ ಒಂದೂವರೆ ಇಂಚು. ಕೆಲವರು ಒಣ ಬಾಳೆಪಟ್ಟೆ ಬಳಸುತ್ತಾರೆ. ಅದನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ಸೀಳುವುದಿಲ್ಲ. ಉದ್ದನೆಯ ತೆಳು ಸೂಜಿ, ಬಿಳಿ ನೂಲು, ಒಂದು ಬಟ್ಟಲು ನೀರು ಪಕ್ಕದಲ್ಲಿರಲಿ.

ಮೊಗ್ಗುಗಳನ್ನು ಆರಿಸಿ. ಒಂದೇ ಗಾತ್ರದವು ಒಂದು ಕಡೆ, ಸಣ್ಣವು ಇನ್ನೊಂದು ಕಡೆ. ಬಾಯಿ ಬಿಡಲು ಹೊರಟವನ್ನು ದೇವರಿಗಿಡಿ. ಅಗಲದ ಮೇಲ್ಭಾಗಕ್ಕೆ ದಪ್ಪ ಮೊಗ್ಗು, ಕೆಳಗೆ ಸಣ್ಣವು.

ಇನ್ನು ಸೂಜಿ. ಮೊಗ್ಗಿನ ಗುಂಡು ಭಾಗಕ್ಕೂ ಹಸಿರು ತೊಟ್ಟಿಗೂ ನಡುವೆ ತೆಳುವಾದ ಕೊಳವೆಯಂಥ ಭಾಗವಿದೆಯಲ್ಲ, ಅಲ್ಲಿ ಅಡ್ಡಲಾಗಿ ಚುಚ್ಚಿ. ಗುಂಡು ಭಾಗಕ್ಕೆ ಸೂಜಿ ತಾಗಿದರೆ ಗಾಯವಾದ ಎಸಳು ಕಂದಿಹೋಗುತ್ತದೆ, ಬಿಳಿ ಸಾಲಿನಲ್ಲಿ ಕಲೆ ಎದ್ದು ಕಾಣುತ್ತದೆ. ಹೀಗೆ ಐದು ಮೊಗ್ಗು ಪೋಣಿಸಿದರೆ ಅವು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಲ್ಲುತ್ತವೆ. ಆ ಸಾಲನ್ನು ಪಟ್ಟಿಯ ಮೇಲೆ ಅಡ್ಡ ಇಟ್ಟು ಎರಡೂ ಅಂಚಿನಲ್ಲಿ ನೂಲು ಬಿಗಿಯಿರಿ, ನಡುವೆ ಒಂದು ಹೊಲಿಗೆ ಹಾಕಿ.

ಹೊಸಬರು ತಪ್ಪುವುದು ಇಲ್ಲಿ. ಮೇಲಿನಿಂದ ಶುರು ಮಾಡಬೇಡಿ, ಕೆಳತುದಿಯಿಂದ ಮೇಲಕ್ಕೆ ಹೋಗಿ. ಮೊಗ್ಗಿನ ತುದಿ ಕೆಳಮುಖವಾಗಿರಬೇಕು. ಆಗ ಮೇಲಿನ ಸಾಲಿನ ಮೊಗ್ಗುಗಳು ಕೆಳಸಾಲಿನ ತೊಟ್ಟುಗಳನ್ನು ಮುಚ್ಚುತ್ತವೆ, ಮಾಡಿಗೆ ಹೆಂಚು ಹೊದಿಸಿದ ಹಾಗೆ. ನೂಲೂ ಕಾಣದು, ಹಸಿರೂ ಕಾಣದು. ಸಾಲಿಂದ ಸಾಲಿಗೆ ಹೆಬ್ಬೆರಳ ಉಗುರಿನಷ್ಟು ಅಂತರ. ಪಟ್ಟಿ ಅಗಲವಾದಂತೆ ಐದು ಮೊಗ್ಗು ಆರಾಗಿ, ಏಳಾಗಿ, ಮೇಲ್ತುದಿಯಲ್ಲಿ ಹತ್ತಾಗುತ್ತದೆ. ಸುಮಾರು 50 ಸಾಲು, 400 ಮೊಗ್ಗು.

‘ತುದಿ ಕೆಳಗೆ, ತೊಟ್ಟು ಮೇಲೆ.’ ದೊಡ್ಡಮ್ಮ ಇದನ್ನು ಮಂತ್ರದಂತೆ ಹೇಳುತ್ತಿದ್ದರು. ಅವರಿಗೆ ಈ ಮಾತು ಬಂದದ್ದು ಅವರ ಅಜ್ಜಿಯ ತಂಗಿಯಿಂದ. ಆಕೆ ಬಾಲವಿಧವೆ, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಹಬ್ಬದ ದಿನ ಮಗುವಿನ ತಲೆ ಮುಟ್ಟುವಂತಿರಲಿಲ್ಲ, ಹೂವನ್ನಂತೂ ಮುಟ್ಟುವ ಮಾತೇ ಇಲ್ಲ. ಬಾಗಿಲ ಬಳಿ ಗೋಡೆಗೆ ಒರಗಿ ಕೂತು, ತಾನು ಹುಡುಗಿಯಾಗಿದ್ದಾಗ ಕಲಿತದ್ದನ್ನು ಬಾಯಲ್ಲೇ ಹೇಳಿಕೊಟ್ಟರಂತೆ. ನಮ್ಮ ಕೇಶಾಲಂಕಾರದ ಚರಿತ್ರೆಯಲ್ಲಿ ಇದೂ ಸೇರಿದೆ. ಜಡೆಯ ಚೆಂದ ಹೇಳುವಾಗ ಅದನ್ನು ಬಿಟ್ಟು ಹೇಳಲು ನನ್ನಿಂದಾಗುವುದಿಲ್ಲ.

ಹತ್ತು ಸಾಲಿಗೊಂದು ಕನಕಾಂಬರದ ಎಳೆ ಬರಲಿ. ಕರಾವಳಿ, ಉತ್ತರ ಕರ್ನಾಟಕದವರಿಗೆ ಇದು ಅಬ್ಬಲಿಗೆ. ಕನಕಾಂಬರಕ್ಕೆ ವಾಸನೆಯಿಲ್ಲ, ಆದರೆ ಬೇಗ ಬಾಡದು. ಎರಡು ಅಂಚಿಗೆ ಮರುಗ ಹೊಲಿದರೆ ಹಸಿರೂ ಬಂತು, ಪರಿಮಳವೂ ಬಂತು. ಇಷ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ. ಥಳಕಿನ ಕಲ್ಲು, ಬಣ್ಣದ ಕಾಗದ ಹೆಚ್ಚಾದಷ್ಟೂ ಮೊಗ್ಗು ಹಿಂದೆ ಸರಿಯುತ್ತದೆ.

ಕೂದಲನ್ನು ಅಣಿಮಾಡುವುದು

ತಲೆಗೆ ಹಿಂದಿನ ದಿನವೇ ನೀರು ಹಾಕಿಕೊಳ್ಳಿ. ಆಗಷ್ಟೇ ತೊಳೆದ ಕೂದಲು ಜಾರುತ್ತದೆ, ಪಿನ್ನು ನಿಲ್ಲುವುದಿಲ್ಲ. ಎರಡು ಹನಿ ಎಣ್ಣೆ ಸವರಿ, ಬೈತಲೆ ತೆಗೆದು, ಮೂರು ಕಾಲಿನ ಜಡೆ ಹೆಣೆಯಿರಿ. ಬುಡದಲ್ಲಿ ಹದವಾಗಿ, ಕತ್ತು ದಾಟಿದ ಮೇಲೆ ಬಿಗಿಯಾಗಿ.

ಉದ್ದ ಸಾಲದಿದ್ದರೆ ಚೌರಿ ಸೇರಿಸಿ ಹೆಣೆಯಿರಿ, ಅದರಲ್ಲಿ ಸಂಕೋಚಪಡುವುದೇನಿಲ್ಲ. ಕೂದಲು ತಿಂಗಳಿಗೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಪ್ರತಿ ಕೂದಲೂ ಕೆಲವು ವರ್ಷ ಬೆಳೆದು, ನಿಂತು, ಉದುರುತ್ತದೆ. ಬೆಳೆಯುವ ಆ ಅವಧಿ ಒಬ್ಬೊಬ್ಬರಿಗೆ ಒಂದೊಂದು. ಯಾವ ಎಣ್ಣೆ ಹಚ್ಚಿದರೂ ಎಲ್ಲರಿಗೂ ಮಂಡಿಯವರೆಗಿನ ಜಡೆ ಬಾರದಿರಲು ಕಾರಣ ಇದೇ. ತುದಿಗೆ ಕುಚ್ಚು ಕಟ್ಟಿ.

ಈಗ ಪಟ್ಟಿಯನ್ನು ಜಡೆಯ ಮೇಲಿಟ್ಟು ನಾಲ್ಕು ಕಡೆ ನೂಲಿನಿಂದ ಬಿಗಿಯಿರಿ. ಸೂಜಿ ಜಡೆಯ ನಡುವೆ ಹಾದು ಪಟ್ಟಿಯ ಬೆನ್ನು ಹಿಡಿಯಬೇಕು. ಭಾರವೆಲ್ಲ ಹೆಣಿಗೆಯ ಮೇಲೆ ಬೀಳಬೇಕು, ನೆತ್ತಿಯ ಮೇಲಲ್ಲ. ಮೇಲ್ತುದಿಗೆ ಎರಡು ಯು ಪಿನ್ನು ಅಡ್ಡಡ್ಡ ಹಾಕಿ, ಆ ಗುರುತನ್ನು ಮುಚ್ಚಲು ತಲೆಯ ಹಿಂಭಾಗದ ದುಂಡು ಒಡವೆ ರಾಗಟೆ ಇಡಿ. ಮನೆಯಲ್ಲಿ ಜಡೆಯ ಒಡವೆಗಳಾದ ನಾಗರ, ಜಡೆಬಿಲ್ಲೆ, ಬೈತಲೆಯ ಎರಡು ಬದಿಗಿಡುವ ಸೂರ್ಯ ಚಂದ್ರ ಇದ್ದರೆ ಹೊರತೆಗೆಯುವ ದಿನ ಇದೇ. ಕೇದಗೆ ಸಿಗುವ ಊರಿನವರಾದರೆ ಅದರ ಹೊಂಬಣ್ಣದ ಒಂದು ಗರಿಯನ್ನು ಮಡಿಸಿ ನೆತ್ತಿಗಿಡಿ.

ಬೇಲೂರಿನಲ್ಲಿ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇಗುಲಕ್ಕೆ ಹೋದರೆ ದರ್ಪಣಸುಂದರಿಯನ್ನು ಬರೀ ಸೌಂದರ್ಯಕ್ಕಾಗಿ ನೋಡಿ ಬರಬೇಡಿ. ಒಂದು ಕೈಯಲ್ಲಿ ಕನ್ನಡಿ ಹಿಡಿದು ಇನ್ನೊಂದು ಕೈ ಕೂದಲ ಕಡೆಗೆ ಒಯ್ದಿದ್ದಾಳೆ. ಹಣೆಯ ಮೇಲಿನ ಕುರುಳುಗಳನ್ನು ಶಿಲ್ಪಿ ಒಂದೊಂದಾಗಿ ಬಿಡಿಸಿದ್ದಾನೆ. ತಲೆ ಸಿಂಗರಿಸಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅವನಿಗೆ ಗೊತ್ತಿತ್ತು ಎಂದೇ ನನಗನ್ನಿಸುತ್ತದೆ.

ಹುಡುಗರ ಪಾಲು

ಮೊಗ್ಗಿನ ಜಡೆ ಹುಡುಗಿಯರದ್ದೇ ಎಂದುಕೊಳ್ಳಬೇಡಿ. ಚೌಲಕ್ಕೆ ಮುಂಚೆ, ಮೊದಲ ಕೂದಲು ತೆಗೆಸುವ ಮುನ್ನ, ಗಂಡುಮಗುವಿಗೂ ಲಂಗ ತೊಡಿಸಿ, ಪುಟ್ಟ ಜಡೆ ಹೆಣೆದು, ಮೊಗ್ಗು ಮುಡಿಸಿ ಫೋಟೋ ತೆಗೆಸುವ ರೂಢಿ ಅನೇಕ ಮನೆಗಳಲ್ಲಿತ್ತು. ನಮ್ಮ ಆಲ್ಬಮ್ಮಿನಲ್ಲಿ ಸೋದರಮಾವನ ಅಂಥ ಫೋಟೋ ಇದೆ. ಅದರ ಹಿಂದಿನ ಪುಟದಲ್ಲಿ ಅವರ ತಾತ, ಮುಂದಲೆ ಬೋಳಿಸಿ ಹಿಂದೆ ಜುಟ್ಟು ಕಟ್ಟಿದವರು. ಜುಟ್ಟು ತೆಗೆಸಿ ‘ಕ್ರಾಪು’ ಬಿಟ್ಟದ್ದಕ್ಕೆ ಅಪ್ಪ ಮಗ ಮಾತು ಬಿಟ್ಟ ಮನೆಗಳಿದ್ದವು. ಆ ಪದ ಇಂಗ್ಲಿಷಿನಿಂದ ಬಂದು ಕನ್ನಡದ್ದೇ ಆಗಿಹೋಯಿತು. 1970ರ ದಶಕದಲ್ಲಿ ಮಾವ ಕಿವಿ ಮುಚ್ಚುವ ಹಿಪ್ಪಿ ಕೂದಲು ಬಿಟ್ಟಾಗ, ಹಿಂದೆ ಕ್ರಾಪಿಗಾಗಿ ಜಗಳವಾಡಿದ್ದ ತಲೆಮಾರಿನವರೇ ಬೈದರಂತೆ. ಚೌಲದ ಮಗುವಿಗೆ ಜಡೆ ಮಾಡುವುದಾದರೆ ಒಂದು ಗೇಣಿನ ಪಟ್ಟಿ ಸಾಕು, ಹತ್ತು ಹದಿನೈದು ಸಾಲು.

ಬಿಚ್ಚುವಾಗ

ಕನ್ನಡಿಯೆದುರು ಫೋಟೋ ಆಯಿತು, ಆರತಿ ಆಯಿತು. ಮಲಗುವ ಮುನ್ನ ಜಡೆ ಬಿಚ್ಚಲೇಬೇಕು. ಪುಟ್ಟ ಮಕ್ಕಳಿಗೆ ಮೂರ್ನಾಲ್ಕು ಗಂಟೆಗಿಂತ ಹೆಚ್ಚು ಬೇಡ, ಭಾರಕ್ಕೆ ಕತ್ತು ನೋಯುತ್ತದೆ. ಭರತನಾಟ್ಯ ಕಲಿಯುವ ಹುಡುಗಿಯರಂತೆ ಪದೇ ಪದೇ ಬಿಗಿ ಜಡೆ ಕಟ್ಟಬೇಕಾದವರು ಬುಡ ಎಳೆಯದಂತೆ ನೋಡಿಕೊಳ್ಳಿ. ಒಂದೇ ಜಾಗದಲ್ಲಿ ಎಳೆತ ಬಿದ್ದರೆ ಹಣೆಯಂಚಿನ ಕೂದಲು ತೆಳುವಾಗುತ್ತಾ ಹೋಗುತ್ತದೆ.

ಮೊದಲು ಪಿನ್ನುಗಳನ್ನು ಎಣಿಸಿ ತೆಗೆಯಿರಿ, ಆಮೇಲೆ ಪಟ್ಟಿ ಬಿಗಿದ ನಾಲ್ಕು ನೂಲು ಮಾತ್ರ ಕತ್ತರಿಸಿ. ಎಳೆಯಬೇಡಿ. ಪಟ್ಟಿ ಇಡಿಯಾಗಿ ಕೈಗೆ ಬರುತ್ತದೆ. ಹೆಣಿಗೆಯನ್ನು ಕೆಳಗಿನಿಂದ ಬಿಡಿಸಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ತೆಗೆಯಿರಿ. ಬೆಚ್ಚಗಿನ ಕೊಬ್ಬರಿ ಎಣ್ಣೆಯಲ್ಲಿ ನೆತ್ತಿ ತಟ್ಟಿ.

ಪಟ್ಟಿಯ ಮೇಲಿನ ಮೊಗ್ಗುಗಳು ಆ ಹೊತ್ತಿಗೆ ಪೂರ್ತಿ ಅರಳಿರುತ್ತವೆ. ಎಸೆಯಬೇಡಿ. ದೊಡ್ಡಮ್ಮ ಅದನ್ನು ನನ್ನ ದಿಂಬಿನ ಪಕ್ಕ ಹಿತ್ತಾಳೆ ತಟ್ಟೆಯಲ್ಲಿ ನೀರು ಚಿಮುಕಿಸಿ ಇಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅಂಚು ಕೆಂಪೇರಿರುತ್ತಿತ್ತು, ಕೋಣೆ ತುಂಬ ವಾಸನೆ ಮಾತ್ರ ಹಾಗೇ ಇರುತ್ತಿತ್ತು.