ಮಾರುತಿ 800ಕ್ಕೆ ಪೆಟ್ರೋಲ್ ಬರುತ್ತಿಲ್ಲವೇ? ಕಾರ್ಬೊರೇಟರ್‌ನಿಂದ ಹಿಂದಕ್ಕೆ ಹುಡುಕಿ

ಬೆಂಗಳೂರಿನ ಹೆಬ್ಬಾಳ ಫ್ಲೈಓವರ್ ಏರುವಾಗ ಹಳೇ ಕಾರು ಜರ್ಕ್ ಹೊಡೆದು ನಿಂತಿತು, ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಯಿತು ಅಂದರೆ ಹೆಚ್ಚಿನವರು ಮೊದಲು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಬದಲಿಸುತ್ತಾರೆ. ಎಷ್ಟೋ ಸಲ ಪಂಪಿನ ತಪ್ಪೇನೂ ಇರುವುದಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್‌ನಿಂದ ಶುರುಮಾಡಿ ಟ್ಯಾಂಕಿನವರೆಗೆ ಒಂದೊಂದೇ ಜಾಗ ನೋಡುತ್ತಾ ಹೋಗಿ, ಪೆಟ್ರೋಲ್ ಎಲ್ಲಿ ನಿಂತಿದೆಯೋ ಅಲ್ಲಿ ಸಿಕ್ಕೇ ಸಿಗುತ್ತದೆ.

ಕೆಲಸಕ್ಕೆ ಇಳಿಯುವ ಮುನ್ನ ಇಂಜಿನ್ ಪೂರ್ತಿ ತಣ್ಣಗಾಗಲಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮಾತ್ರ ಮಾಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿಕೊಂಡಿರುತ್ತದೆ, ಒಂದು ಕಿಡಿ ಸಾಕು. ಬಯಲಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಬಕೆಟ್ ಮರಳೋ ಅಗ್ನಿಶಾಮಕ ಸಿಲಿಂಡರೋ ಇರಲಿ.

ಮೊದಲು ಏರ್ ಫಿಲ್ಟರ್ ಮುಚ್ಚಳ ತೆಗೆಯಿರಿ. ಇಂಜಿನ್ ಆಫ್ ಇರುವಾಗಲೇ ಆಕ್ಸಿಲರೇಟರ್ ಕೇಬಲ್ ಎಳೆದು ಕಾರ್ಬೊರೇಟರ್ ಬಾಯಿಯೊಳಗೆ ನೋಡಿ. ಸಣ್ಣ ಪಿಚಕಾರಿಯ ಹಾಗೆ ಪೆಟ್ರೋಲ್ ಚಿಮ್ಮಿದರೆ ಕಾರ್ಬೊರೇಟರ್‌ನೊಳಗಿನ ಬಟ್ಟಲಿನಲ್ಲಿ, ಅಂದರೆ ಫ್ಲೋಟ್ ಚೇಂಬರಿನಲ್ಲಿ, ಪೆಟ್ರೋಲ್ ಇದೆ. ಹಾಗಿದ್ದೂ ಸ್ಟಾರ್ಟ್ ಆಗದಿದ್ದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿಯ ಕಡೆ ಗಮನ ಕೊಡಿ. ಐಡ್ಲಿಂಗ್‌ನಲ್ಲಿ ಮಾತ್ರ ಇಂಜಿನ್ ಆಫ್ ಆಗುತ್ತದೆ, ರೇಸ್ ಕೊಟ್ಟರೆ ಓಡುತ್ತದೆ ಎಂದರೆ ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಸ್ಲೋ ಜೆಟ್‌ನಲ್ಲಿ ಕಸ ಕೂತಿದೆ, ಇಲ್ಲವೇ ಕೀ ಆಫ್ ಮಾಡಿದಾಗ ಆ ಪೆಟ್ರೋಲ್ ತಡೆಯುವ ಫ್ಯೂಯಲ್ ಕಟ್ ಸೊಲೆನಾಯ್ಡ್ ಕೆಲಸ ಮಾಡುತ್ತಿಲ್ಲ. ಕೀ ಆನ್ ಮಾಡಿದಾಗ ಅದು ‘ಟಕ್’ ಎನ್ನಬೇಕು. ಜೆಟ್ಟಿನೊಳಗೆ ತಂತಿ ತೂರಿಸಬೇಡಿ. ಹಿತ್ತಾಳೆಯ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮಿಶ್ರಣ ಕೆಡುತ್ತದೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ, ಆಮೇಲೆ ಕಂಪ್ರೆಸರ್ ಗಾಳಿ, ಅಷ್ಟೇ ಸಾಕು.

ಏನೂ ಚಿಮ್ಮದಿದ್ದರೆ ಪಂಪಿಗೆ ಬನ್ನಿ. ಇದು ಸಿಲಿಂಡರ್ ಹೆಡ್‌ಗೆ ಕೂತಿರುವ, ಕ್ಯಾಮ್‌ಶಾಫ್ಟ್ ತಳ್ಳುವ ಮೆಕ್ಯಾನಿಕಲ್ ಪಂಪ್. ಸ್ಪಾರ್ಕ್ ಪ್ಲಗ್ಗಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ನ ಸಣ್ಣ ವೈರ್ ಕಳಚಿ, ಕಿಡಿ ಹುಟ್ಟದಿರಲಿ. ಕಾರ್ಬೊರೇಟರ್‌ಗೆ ಬರುವ ಹೋಸ್ ಬಿಚ್ಚಿ ಅದರ ತುದಿಯನ್ನು ಗಾಜಿನ ಬಾಟಲಿಗೆ ಇಳಿಸಿ, ಇನ್ನೊಬ್ಬರಿಂದ ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿ. ಪೆಟ್ರೋಲ್ ನಾಡಿ ಮಿಡಿದ ಹಾಗೆ ಬಿಟ್ಟು ಬಿಟ್ಟು ರಭಸವಾಗಿ ಬೀಳಬೇಕು. ಜಿನುಗಿದರೆ, ಗುಳ್ಳೆ ಗುಳ್ಳೆಯಾಗಿ ಬಂದರೆ ಪಂಪ್ ಅಥವಾ ಅದರ ಹಿಂದಿನ ದಾರಿ ಕೆಟ್ಟಿದೆ. ರಭಸವಾಗಿ ಬಂದೂ ಚೇಂಬರ್ ತುಂಬುತ್ತಿಲ್ಲವಾದರೆ ಚೇಂಬರಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಅಂಟಿಕೊಂಡಿದೆ.

ಆ ಬಾಟಲಿಯನ್ನು ಚೆಲ್ಲಬೇಡಿ. ಮುಚ್ಚಿ ಹತ್ತು ನಿಮಿಷ ಅಲುಗಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಕೆಮ್ಮಣ್ಣಿನಂಥ ಪುಡಿ ಕೂತಿದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ. ಮೇಲೊಂದು ಪದರ ಕೆಳಗೊಂದು ಪದರ ಬೇರೆ ಬೇರೆಯಾಗಿ ಕಂಡರೆ ನೀರು ಸೇರಿದೆ. ಇಪ್ಪತ್ತು ಶೇಕಡಾ ಎಥನಾಲ್ ಇರುವ ಈಗಿನ ಪೆಟ್ರೋಲ್ ತೇವವನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರು ಎಥನಾಲನ್ನೂ ಎಳೆದುಕೊಂಡು ತಳಕ್ಕಿಳಿಯುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇದನ್ನು ಮೊದಲೇ ಅನುಮಾನಿಸಿ.

ಈಗ ಪಂಪೋ ಟ್ಯಾಂಕಿನ ಕಡೆಯೋ ತೀರ್ಮಾನಿಸಬೇಕು. ಹೊರಹೋಗುವ ಹೋಸನ್ನು ಕಾರ್ಬೊರೇಟರ್‌ಗೆ ಮತ್ತೆ ಸಿಕ್ಕಿಸಿ, ಕಾಯಿಲ್ ವೈರ್ ಹಾಕಿ. ಪಂಪ್ ಎಳೆದುಕೊಳ್ಳುವ ಹೋಸ್ ಬಿಚ್ಚಿ, ಅದರ ಜಾಗಕ್ಕೆ ಒಂದು ಹೊಸ ಹೋಸ್ ತುಂಡು ಹಾಕಿ, ಅಲುಗಾಡದಂತೆ ಕಟ್ಟಿದ ಕ್ಯಾನಿನ ಒಂದು ಲೀಟರ್ ಶುದ್ಧ ಪೆಟ್ರೋಲ್‌ನಲ್ಲಿ ಮುಳುಗಿಸಿ. ನಿಂತಲ್ಲೇ ಓಡಿಸಿ ನೋಡಿ, ರಸ್ತೆಗೆ ಒಯ್ಯಬೇಡಿ. ಚೆನ್ನಾಗಿ ಓಡಿದರೆ ಪಂಪ್ ನಿರ್ದೋಷಿ.

ಪಂಪಿನದೇ ದೋಷವಾದರೆ ಆಯಿಲ್ ಡಿಪ್‌ಸ್ಟಿಕ್ ಮೂಸಿ. ಪೆಟ್ರೋಲ್ ವಾಸನೆ ಇದ್ದು ಆಯಿಲ್ ಮಟ್ಟ ಏರಿದ್ದರೆ ಪಂಪಿನೊಳಗಿನ ಪೊರೆ, ಅಂದರೆ ಡಯಾಫ್ರಾಮ್, ಹರಿದಿದೆ. ಆ ಸ್ಥಿತಿಯಲ್ಲಿ ಒಂದು ಕಿಲೋಮೀಟರೂ ಓಡಿಸಬೇಡಿ, ತೆಳುವಾದ ಆಯಿಲ್ ಬೇರಿಂಗುಗಳನ್ನು ತಿಂದುಬಿಡುತ್ತದೆ. ಪಂಪಿನ ಜೊತೆಗೆ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಾಗಬೇಕು.

ಟ್ಯಾಂಕಿನ ಕಡೆಯಾದರೆ ಅಗ್ಗದ ಪರೀಕ್ಷೆ ಮೊದಲು. ಕಾರು ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತಿರುಗಿಸಿ. ‘ಸುಯ್’ ಎಂದು ಗಾಳಿ ಒಳಗೆಳೆದರೆ ಗಾಳಿ ಹೋಗುವ ದಾರಿ ಕಟ್ಟಿದೆ. ಆಮೇಲೆ ಪೆಟ್ರೋಲ್ ಫಿಲ್ಟರ್: ಬಾಣದ ಗುರುತು ಇಂಜಿನ್ ಕಡೆಗಿರಲಿ. ನಂತರ ರಬ್ಬರ್ ಹೋಸುಗಳು. ಎಳೆಯುವ ಬದಿಯ ಬಿರುಕಿನಿಂದ ಹೆಚ್ಚಾಗಿ ಪೆಟ್ರೋಲ್ ಸೋರುವುದಿಲ್ಲ, ಗಾಳಿ ಒಳಕ್ಕೆ ಹೋಗುತ್ತದೆ. ಅದಕ್ಕೇ ಇದು ಎಲ್ಲರ ಕಣ್ಣು ತಪ್ಪಿಸುತ್ತದೆ. ಹೋಸನ್ನು ಬಗ್ಗಿಸಿ ನೋಡಿ: ಬಿರುಕು ಬಿಟ್ಟರೆ, ಬೆರಳಿಗೆ ಕಪ್ಪು ಅಂಟಿದರೆ, ಉಬ್ಬಿ ಮೆತ್ತಗಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳೇ ಕಾರುಗಳ ರಬ್ಬರ್ ಇಷ್ಟು ಎಥನಾಲ್‌ಗೆ ಮಾಡಿದ್ದಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳುವಾಗ ಎಥನಾಲ್ ತಡೆಯುವ ಫ್ಯೂಯಲ್ ಹೋಸ್ ಎಂದೇ ಒತ್ತಿ ಹೇಳಿ, ಜೊತೆಗೆ ಹೊಸ ಕ್ಲಿಪ್ಪುಗಳನ್ನೂ ತನ್ನಿ.

ಏಪ್ರಿಲ್ ಬಿಸಿಲಲ್ಲಿ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಮಾತ್ರ ನಿಲ್ಲುವ ಕಾರಿನ ಕಥೆ ಬೇರೆ, ಅದು ವೇಪರ್ ಲಾಕ್, ಅಂದರೆ ಬಿಸಿಗೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಹರಿವು ನಿಲ್ಲುವುದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದಾಗ ಬೇಗ ಸ್ಟಾರ್ಟ್ ಆದರೆ ಅನುಮಾನ ಖಚಿತ. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪ್ ಕಟ್ಟಿದೆಯೇ, ಪಂಪ್ ಮತ್ತು ಹೆಡ್ ನಡುವಿನ ಶಾಖತಡೆ ತುಂಡು ಜಾಗದಲ್ಲಿದೆಯೇ, ಹೋಸ್ ಎಕ್ಸಾಸ್ಟ್ ಹತ್ತಿರ ಹಾದಿದೆಯೇ ನೋಡಿ.

ಕಾರ್ಬೊರೇಟರ್ ಬದಲು ಇಂಜೆಕ್ಟರ್‌ಗಳಿರುವ ಎಂಪಿಎಫ್‌ಐ ಗಾಡಿಗಳಲ್ಲಿ ಪಂಪ್ ಟ್ಯಾಂಕಿನೊಳಗಿರುತ್ತದೆ. ಕೀ ಆನ್ ಮಾಡಿದಾಗ ಎರಡು ಮೂರು ಸೆಕೆಂಡ್ ‘ಗುಂಯ್’ ಎನ್ನದಿದ್ದರೆ ಫ್ಯೂಸ್, ರಿಲೇ ಮೊದಲು ನೋಡಿ. ಅಲ್ಲಿ ಒತ್ತಡ ಜಾಸ್ತಿ, ಮೇಲಿನ ಬಾಟಲಿ ಪರೀಕ್ಷೆ ಮಾಡಲೇಬೇಡಿ, ಪ್ರೆಶರ್ ಗೇಜ್ ಬೇಕು.

ಎಲ್ಲ ಜೋಡಿಸಿದ ಮೇಲೆ ಐದು ನಿಮಿಷ ಇಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ಆಫ್ ಮಾಡಿ, ಪ್ರತಿ ಕ್ಲಿಪ್ಪಿನ ಸುತ್ತ ಬಿಳಿ ಕಾಗದ ಒರೆಸಿ ನೋಡಿ. ಕಾಗದ ಒದ್ದೆಯಾದ ಜಾಗದ ಕ್ಲಿಪ್ ಬಿಗಿ ಮಾಡಿಯೇ ಬಾನೆಟ್ ಮುಚ್ಚಿ.