ಮಾನಿಟರ್ ಬ್ಯಾಡ್ಜ್ ತೆಗೆದೆ, ಪಾಳಿ ಹಚ್ಚಿದೆ

ನಮ್ಮ ತರಗತಿಯಲ್ಲಿ ಈಗ ಮಾನಿಟರ್ ಇಲ್ಲ. ನಾಲ್ಕು ವರ್ಷದ ಮೇಲಾಯ್ತು. ಏಳು ಕೆಲಸಗಳಿವೆ, ಏಳಕ್ಕೂ ವಾರದ ಪಾಳಿ ಇದೆ, ಮಕ್ಕಳೇ ನಡೆಸುತ್ತಾರೆ. ಹೋದ ವರ್ಷ ನಾನು ಜ್ವರ ಬಂದು ರಜೆ ಹಾಕಿದ ದಿನ ಬದಲಿ ಟೀಚರ್ ಬರುವುದು ತಡವಾಯಿತಂತೆ. ಅಷ್ಟು ಹೊತ್ತಿಗೆ ಹಾಜರಿ ಬರೆದಾಗಿತ್ತು, ಬಾಟಲಿಗಳಲ್ಲಿ ನೀರಿತ್ತು, ಮಕ್ಕಳು ಗಣಿತ ಹಚ್ಚಿಕೊಂಡು ಕೂತಿದ್ದರು ಅಂತ ಪಕ್ಕದ ಮರಾಠಿ ಮಾಧ್ಯಮದ ಟೀಚರ್ ಬಂದು ಹೇಳಿದರು. ಇನ್ನು ಬರೆಯಬಹುದು ಅನ್ನಿಸಿತು. ಇಷ್ಟು ದಿನ ಬರೆಯಲಿಲ್ಲ, ಯಾಕೆಂದರೆ ಇದು ಆಗೋದಲ್ಲ ಅಂದವರೇ ಜಾಸ್ತಿ.

ಮುಂಬೈ ಕನ್ನಡ ಶಾಲೆಗಳ ಕತೆ ನಿಮಗೆ ಗೊತ್ತಿರೋದೇ. ಒಂದೇ ಕಟ್ಟಡ, ಒಂದೊಂದು ಮಹಡಿಗೆ ಒಂದೊಂದು ಭಾಷೆ. ನಮಗೆ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ನನ್ನ ಹತ್ತಿರ ಮೂರು ಮತ್ತು ನಾಲ್ಕನೇ ತರಗತಿ ಒಟ್ಟಿಗೆ, ಮೂವತ್ತರ ಆಸುಪಾಸು ಮಕ್ಕಳು. ಹೆಚ್ಚಿನವರ ಅಪ್ಪ-ಅಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ನಾಕಾದಲ್ಲಿ, ಅಂದರೆ ಕೂಲಿಯವರು ಸೇರುವ ರಸ್ತೆ ಕೂಡುವ ಜಾಗದಲ್ಲಿ, ನಿಂತು ದಿನಗೂಲಿ ಹಿಡಿಯುವವರು. ಒಂದಿಬ್ಬರದು ಹೋಟೆಲ್ ಕೆಲಸ. ಬೆಳಿಗ್ಗೆ ತಮ್ಮನಿಗೆ ಮುಖ ತೊಳೆಸಿ, ಬೀಗ ಹಾಕಿ, ಕೀಲಿ ಕೊರಳಿಗೆ ಕಟ್ಟಿಕೊಂಡು ಬರುವ ಮಕ್ಕಳು ಇವರು. ಇಂಥವರಿಗೆ ‘ಜವಾಬ್ದಾರಿ ಎಂದರೇನು’ ಅಂತ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ಮೊದಲು ಆಗದೇ ಹೋದದ್ದನ್ನು ಹೇಳಿಬಿಡ್ತೀನಿ.

ಬ್ಯಾಡ್ಜ್ ಕೊಟ್ಟು ಮಾನಿಟರ್ ಮಾಡುವುದು ಎಲ್ಲರೂ ಮಾಡೋದೇ. ನಮ್ಮಲ್ಲೂ ಇತ್ತು. ದಾದರ್‌ನಿಂದ ಡಜನ್ ಬ್ಯಾಡ್ಜ್ ತಂದಿದ್ದೆ, ಮುನ್ನೂರು ರೂಪಾಯಿ ಆಗಿರಬೇಕು. ಬ್ಯಾಡ್ಜ್ ಸಿಕ್ಕ ಹುಡುಗನ ಕೈಗೆ ತಿಂಗಳೊಳಗೆ ಒಂದು ಸ್ಕೇಲೂ ಬಂತು. ಮಾತಾಡಿದವರ ಹೆಸರು ಬೋರ್ಡಿಗೆ ಬರೆಯುವುದು, ಪೆನ್ಸಿಲ್ ಕೊಟ್ಟವರ ಹೆಸರು ಅಳಿಸುವುದು. ಎಂಟು ವರ್ಷದ ಮಗು ಇಷ್ಟು ಚಂದ ವಸೂಲಿ ಕಲಿಯುತ್ತದೆ ಅಂದರೆ ಪಾಠ ಎಲ್ಲಿಂದ ಬಂತು ಅಂತ ಯೋಚಿಸಬೇಕು.

ಆಮೇಲೆ ಚುನಾವಣೆ. ಚೀಟಿ, ಡಬ್ಬಿ, ಬೆರಳಿಗೆ ಸ್ಕೆಚ್ ಪೆನ್ನಿನ ಶಾಯಿ, ಎಲ್ಲ ಮಾಡಿದೆವು. ಫೋಟೋ ಬಹಳ ಚೆನ್ನಾಗಿ ಬಂತು. ಗೆದ್ದದ್ದು ಮಾತ್ರ ಯಾರ ದನಿ ಜೋರೋ ಅವರೇ. ಮರುವರ್ಷ ಒಬ್ಬ ಹುಡುಗನ ಮಾಮ ಚಾಕಲೇಟ್ ಹಂಚಿದ. ಸುಮ್ಮನೆ ಕೂರುವ ಹುಡುಗಿಯರಿಗೆ ಒಂದೊಂದು ಮತ, ಅದೂ ಅವರದೇ. ವರ್ಷಪೂರ್ತಿ ಮೂರು ಮಕ್ಕಳು ನಾಯಕರು, ಉಳಿದವರು ಪ್ರಜೆಗಳು. ಇದರಲ್ಲಿ ಕಲಿತವರು ಯಾರು?

ಮೂರನೆಯದು ತರಬೇತಿ. ಒಬ್ಬರು ಬಂದು ಮಗುವಿಗೆ ನಾನೂರು ರೂಪಾಯಿಯ ಪ್ಯಾಕೇಜ್ ಹೇಳಿದರು. ವರ್ಕ್‌ಶೀಟ್, ಸ್ಟಿಕ್ಕರ್, ಸರ್ಟಿಫಿಕೇಟ್. ಅಷ್ಟು ಹಣ ಎಲ್ಲಿಂದ ತರೋದು? ಉಚಿತ ಡೆಮೊ ಮಾತ್ರ ಮಾಡಿಸಿಕೊಂಡೆ. ಅದರ ಉತ್ಸಾಹದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹತ್ತು ಜೀವನ ಕೌಶಲ್ಯಗಳನ್ನು ಫ್ಲೆಕ್ಸ್ ಮಾಡಿಸಿ ಗೋಡೆಗೆ ಹಚ್ಚಿದೆ. ಆರುನೂರು ರೂಪಾಯಿ. ಈಗ ಮಳೆಗಾಲದಲ್ಲಿ ಅದು ಕಪಾಟಿನ ಮೇಲೆ ಹೊದಿಕೆ. ಸೋರುವ ನೀರಿಗೆ ಚೆನ್ನಾಗಿ ತಡೆಯುತ್ತೆ, ದುಡ್ಡು ದಂಡ ಆಗಲಿಲ್ಲ.

ಪಾಳಿ ಶುರು ಮಾಡಿದ್ದು ಲಾಕ್‌ಡೌನ್ ಮುಗಿದು ಶಾಲೆ ತೆರೆದ ಮೇಲೆ. ಮಕ್ಕಳಿಗೆ ಒಟ್ಟಿಗೆ ಕೂರುವುದೇ ಮರೆತಿತ್ತು. ಹಾಜರಿ, ನೀರು, ಊಟ, ಜಗಳ, ಲೆಕ್ಕ, ಶೌಚಾಲಯದ ಬೀಗ, ಮಳೆ ಪಟ್ಟಿ ಅಂತ ಏಳು ಕೆಲಸ ಮಾಡಿದೆ. ಪ್ರತಿ ಕೆಲಸಕ್ಕೆ ಇಬ್ಬರು. ಸೋಮವಾರದಿಂದ ಶನಿವಾರ. ಮಾಡದಿದ್ದರೆ ಏನಾದರೂ ನಿಜವಾಗಿ ಕೆಡಬೇಕು, ಅಂಥ ಕೆಲಸವೇ ಆಗಬೇಕು, ಅದೊಂದೇ ನನ್ನ ಶರತ್ತು. ಬೋರ್ಡ್ ಒರೆಸುವುದು, ಹೂ ಇಡುವುದು ಇವನ್ನೆಲ್ಲ ಬಿಟ್ಟೆ. ನೀರಿನವರು ಮರೆತರೆ ಆ ದಿನ ನಿಜವಾಗಿ ಬಾಯಾರುತ್ತದೆ. ಊಟದ ಪಾಳಿಯವರು ಎಲ್ಲರಿಗೂ ಖಿಚಡಿ ಬಂತಾ ನೋಡಿ ಕೊನೆಗೆ ಉಣ್ಣಬೇಕು. ಈ ಕೊನೆಗೆ ಉಣ್ಣುವ ನಿಯಮಕ್ಕೆ ಮೊದಲ ವಾರ ಅಳು, ಎರಡನೇ ವಾರ ಮುನಿಸು. ಆಮೇಲೆ ಅದೇ ದೊಡ್ಡಸ್ತಿಕೆ ಆಯಿತು.

ಮೊದಲ ವರ್ಷ ಅರ್ಧಕ್ಕರ್ಧ ಕೆಟ್ಟಿತು. ನಾಲ್ಕನೇ ತರಗತಿಯವರನ್ನು ಮುಖ್ಯಸ್ಥರು, ಮೂರನೆಯವರನ್ನು ಸಹಾಯಕರು ಅಂತ ಮಾಡಿದ್ದೆ. ದೊಡ್ಡವರು ಆಜ್ಞೆ, ಚಿಕ್ಕವರು ಹೊರೆ. ಹಳೇ ಮಾನಿಟರೇ ಬೇರೆ ವೇಷದಲ್ಲಿ ಬಂದ. ದೀಪಾವಳಿ ಆದ ಮೇಲೆ ತಿರುಗಿಸಿದೆ. ಮೂರನೇ ತರಗತಿಯ ಮಗು ಮುಖ್ಯ, ನಾಲ್ಕನೆಯದು ಸಹಾಯಕ್ಕೆ. ಕೇಳಿದರೆ ಮಾತ್ರ ಹೇಳಬೇಕು, ಕೈ ಹಾಕಬಾರದು. ದೊಡ್ಡವರಿಗೆ ಮೈಯೆಲ್ಲ ಉರಿ. “ಅಂವಗೇನು ಬರ್ತದ್ರಿ ಟೀಚರ್, ನಾ ಮಾಡ್ತೀನಿ” ಅಂತ ದಿನಾ ತಕರಾರು. ನಾನು ಬಗ್ಗಲಿಲ್ಲ. ಗೊತ್ತಿದ್ದೂ ಕೈ ಕಟ್ಟಿ ನಿಂತು ಇನ್ನೊಬ್ಬರು ಮಾಡುವುದನ್ನು ನೋಡುವುದಿದೆಯಲ್ಲ, ದೊಡ್ಡವರಲ್ಲೇ ಎಷ್ಟು ಮಂದಿಗೆ ಬರುತ್ತೆ ಹೇಳಿ. ಇಡೀ ಪದ್ಧತಿ ನಿಂತಿರುವುದೇ ಈ ತಿರುಗಿಸಿದ ಜೋಡಿಯ ಮೇಲೆ. ಇದನ್ನು ನಾನು ಎಲ್ಲೂ ನೋಡಿ ಕಲಿತದ್ದಲ್ಲ, ಅಷ್ಟು ಜಂಬ ನನಗಿರಲಿ.

ಎರಡನೇ ತೊಂದರೆ ಊರು. ನಿಮಗೂ ಇದೇ ಅಲ್ವಾ? ಜಾತ್ರೆ, ಮದುವೆ, ಹೊಲದ ಕೆಲಸ ಅಂತ ಹೋದ ಮಗು ವಾಪಸ್ ಬರುವುದು ಯಾವಾಗಲೋ. ಪಾಳಿ ನಡುವೆ ಕಡಿದು ಹೋಗುತ್ತಿತ್ತು. ಅದಕ್ಕೆ ಪ್ರತಿ ಕೆಲಸಕ್ಕೆ ಒಂದು ನಲವತ್ತು ಪುಟದ ನೋಟ್‌ಬುಕ್ ಇಟ್ಟೆ. ಶನಿವಾರ ಹಳಬರು ಹೊಸಬರಿಗೆ ಕೆಲಸ ಒಪ್ಪಿಸಬೇಕು, ಎರಡು ಸಾಲು ಬರೆಯಬೇಕು. ಬರೆಯಲು ಬಾರದವರು ಚಿತ್ರ ಹಾಕಲಿ. ಒಪ್ಪಿಸುವಾಗ ನಾನು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿರುತ್ತೇನೆ. ಸುಮ್ನೆ ಕೂರೋದು ಕಷ್ಟ ಕಣ್ರೀ.

ಹುಡುಗನೊಬ್ಬ ನೀರಿನ ಪುಸ್ತಕದಲ್ಲಿ ‘ಯರಡನೆ ನಳ ತಿರಗಸಬಾರದ ಬಿಚಿ ಬರತದ’ ಅಂತ ಬರೆದಿದ್ದ. ಮುಂದಿನ ವಾರದ ಹುಡುಗಿ ಅದನ್ನು ಓದಲಾಗದೆ ಅದೇ ನಳ ತಿರುಗಿಸಿ ಪೂರಾ ಒದ್ದೆಯಾಗಿ ಬಂದಳು. ಪುಸ್ತಕ ಅವನ ಮುಂದೆ ಹಿಡಿದು, “ಹಿಂಗ್ ಬರದ್ರ ಯಾರಿಗ್ ತಿಳೀತದೋ?” ಅಂತ ಗದರಿಸಿದಳು. ನಾನು ವರ್ಷಗಟ್ಟಲೆ ಕೆಂಪು ಪೆನ್ನಿನಲ್ಲಿ ತಿದ್ದಿ ಆಗದೇ ಇದ್ದ ಒತ್ತಕ್ಷರ ಆ ಹುಡುಗನಿಗೆ ಆ ತಿಂಗಳು ಬಂತು. 2021ರಲ್ಲಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಬಂದಾಗಿನಿಂದ ಮೂರನೇ ತರಗತಿಗೆ ಓದು, ಬರಹ, ಲೆಕ್ಕ ಬರಲೇಬೇಕು ಅಂತ ಮೇಲಿನವರ ಒತ್ತಡ ಇದೆ. “ಮೊದಲು ಒತ್ತಕ್ಷರ ಕಲಿಸಿ, ನಾಯಕತ್ವ ಆಮೇಲೆ” ಅಂತ ನನ್ನನ್ನು ಆಡಿಕೊಂಡವರಿಗೆ ಈ ಏಳು ನೋಟ್‌ಬುಕ್ ತೋರಿಸ್ತೀನಿ. ಈಗ ಅವರಲ್ಲಿ ಇಬ್ಬರು ತಮ್ಮ ತರಗತಿಯಲ್ಲೂ ಇಟ್ಟಿದ್ದಾರೆ, ನನ್ನ ಹೆಸರು ಹೇಳೋದಿಲ್ಲ ಅಷ್ಟೆ.

ಜಗಳದ ಪಾಳಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಿಂದಿನ ಮೂಲೆಯಲ್ಲಿ ಒಂದು ಹಳೇ ಚಾಪೆ. ಜಗಳವಾಡಿದ ಇಬ್ಬರು ಕೂರಬೇಕು, ಪಾಳಿಯವರು ಎದುರು. ತೀರ್ಪು ಕೊಡುವ ಹಾಗಿಲ್ಲ, ಮೂರು ಪ್ರಶ್ನೆ ಮಾತ್ರ ಕೇಳಬೇಕು. ಏನಾಯಿತು? ಈಗ ನಿನಗೆ ಏನು ಬೇಕು? ಮೂರನೆಯದನ್ನು ಇಲ್ಲಿ ಬರೆಯೋದಿಲ್ಲ, ಅದು ನಮ್ಮ ತರಗತಿಯ ಗುಟ್ಟು. ಅದು ಕಿವಿಗೆ ಬಿದ್ದ ಕೂಡಲೇ ಹತ್ತರಲ್ಲಿ ಏಳು ಜಗಳ ನಗುವಿನಲ್ಲಿ ಮುಗಿಯುತ್ತವೆ. ಹೊಡೆತ, ರಕ್ತ, ಕಳ್ಳತನ ಆದರೆ ಮಾತ್ರ ನೇರ ನನ್ನ ಹತ್ತಿರ. ದೊಡ್ಡವರು ಮುಟ್ಟಿದ್ದು, ಹೆದರಿಸಿದ್ದು ಇಂಥ ಮಾತು ಚಾಪೆಗೆ ಬರಲೇಬಾರದು ಅಂತ ಮೊದಲೇ ಹೇಳಿರುತ್ತೇನೆ.

ಮಳೆ ಪಟ್ಟಿ ನನ್ನ ಮೆಚ್ಚಿನದು. 2005ರ ಜುಲೈ 26 ಈ ಊರಿನವರು ಮರೆಯೋ ದಿನವಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಆ ರಾತ್ರಿ ಎಷ್ಟೋ ಮಕ್ಕಳು ಶಾಲೆಯಲ್ಲೇ ಉಳಿದರು. ಹಾಗಾಗಿ ಜೂನ್‌ನಲ್ಲೇ ಒಂದು ಪಟ್ಟಿ ಮಾಡ್ತೇವೆ. ಶಾಲೆ ಬೇಗ ಬಿಟ್ಟರೆ ಯಾರು ಯಾರ ಜೊತೆ ಹೋಗಬೇಕು, ಅಮ್ಮನ ಫೋನ್ ನಂಬರ್ ಏನು. ನಂಬರ್ ಬಾಯಿಪಾಠ. ಅದರ ಜೊತೆ 1098. ಈ ಮಕ್ಕಳ ಸಹಾಯವಾಣಿ 1996ರಲ್ಲಿ ಶುರುವಾದದ್ದೇ ಮುಂಬೈಯಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜೆರೂ ಬಿಲಿಮೋರಿಯಾ ಅವರಿಂದ. ಫೋನ್ ನಂಬರ್ ಕಲಿಸುವುದೂ ಸುಲಭವಲ್ಲ. ರೀಚಾರ್ಜ್ ಮುಗಿದರೆ ಸಿಮ್ಮೇ ಬದಲಿಸುವ ಮನೆಗಳಿವೆ. ತಿಂಗಳಿಗೊಮ್ಮೆ ಪಟ್ಟಿಯವರು ಎಲ್ಲರ ಹತ್ತಿರ ಹೋಗಿ “ನಿಮ್ಮವ್ವನ ನಂಬರ್ ಅದೇ ಐತಾ?” ಅಂತ ಕೇಳಬೇಕು.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ರೈಲು ನಿಂತು ಬೇಗ ಬಿಡಬೇಕಾಯಿತು. ಮೆಟ್ಟಿಲ ಕೆಳಗೆ ಪಾಲಕರ ನೂಕುನುಗ್ಗಲು. ಮೂರನೇ ತರಗತಿಯ ಹುಡುಗಿ ಪಟ್ಟಿ ಹಿಡಿದು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಒಬ್ಬ ಬಂದು ತಾನು ಚಿಕ್ಕಪ್ಪ, ಹುಡುಗನನ್ನು ಕಳಿಸು ಅಂದ. “ಪಟ್ಟ್ಯಾಗ ನಿಮ್ಮ ಹೆಸರಿಲ್ರಿ, ಟೀಚರ್ ಕರೀತೀನಿ ತಡೀರಿ” ಅಂದಳು. ಅವನು ದನಿ ಏರಿಸಿದ. ಇವಳು ಹುಡುಗನ ಬ್ಯಾಗಿನ ಬೆಲ್ಟ್ ಗಟ್ಟಿಯಾಗಿ ಹಿಡಿದುಕೊಂಡಳೇ ಹೊರತು ಬಿಡಲಿಲ್ಲ. ನಾನು ಇಳಿದು ಬಂದು ಅಮ್ಮನಿಗೆ ಫೋನ್ ಮಾಡಿದರೆ, ಅವನು ನಿಜವಾಗಿ ಚಿಕ್ಕಪ್ಪನೇ. ಬೈದುಕೊಂಡೇ ಹೋದ. ಮರುದಿನ ಹುಡುಗನ ಅಮ್ಮ ಕೆಲಸ ಬಿಟ್ಟು ಬಂದು ಆ ಹುಡುಗಿಗೆ ಒಂದು ಪೊಟ್ಟಣ ಶೇಂಗಾ ಚಿಕ್ಕಿ ಕೊಟ್ಟಳು. ಈ ಹುಡುಗಿ ಜೂನ್‌ನಲ್ಲಿ ತನ್ನ ಹೆಸರು ಹೇಳಲೂ ನಾಚುತ್ತಿದ್ದವಳು. ಚುನಾವಣೆಯಲ್ಲಾಗಿದ್ದರೆ ಅವಳ ಸರದಿ ಬರುತ್ತಲೇ ಇರಲಿಲ್ಲ.

ಇನ್ನು ಹಣ. ಮಕ್ಕಳ ಸಂತೆ ಎಲ್ಲ ಕಡೆ ನಡೆಯುತ್ತೆ. ಅಮ್ಮಂದಿರು ವಡೆ ಮಾಡಿ ಕಳಿಸ್ತಾರೆ, ಮಕ್ಕಳು ಮಾರ್ತಾರೆ, ದುಡ್ಡು ಮನೆಗೆ. ನಾನು ಐದೈದು ಮಕ್ಕಳ ಗುಂಪಿಗೆ ನನ್ನ ಕೈಯಿಂದ ನೂರು ನೂರು ರೂಪಾಯಿ ಸಾಲ ಕೊಟ್ಟೆ. ಮೊದಲು ಸಾಲ ತೀರಿಸಬೇಕು, ಉಳಿದದ್ದು ಅವರದು. ಮೊದಲ ಸಲ ಆರುನೂರು ಕೊಟ್ಟು ಮುನ್ನೂರೈವತ್ತೋ ಎಷ್ಟೋ ವಾಪಸ್ ಬಂತು. ಒಂದು ಗುಂಪು ಸರಕು ತಾವೇ ತಿಂದಿತು. ಇನ್ನೊಂದು ಗುಂಪು ಮೇಲಿನ ತರಗತಿಯ ಅಣ್ಣಂದಿರಿಗೆ ಉದ್ರಿ ಕೊಟ್ಟು ಇವತ್ತಿಗೂ ವಸೂಲಿ ಮಾಡ್ತಿದೆ.

ಎರಡನೇ ವರ್ಷ ಎಲ್ಲ ಗುಂಪೂ ಭೇಲ್ ಅಂದರೆ, ಒಂದು ಗುಂಪು ಮಾತ್ರ ಗಿರ್ಮಿಟ್ ಅಂದಿತು. ಚುರುಮುರಿ, ಉಳ್ಳಾಗಡ್ಡಿ, ಹುಣಸೆ ರಸ, ಪುಟಾಣಿ ಹಿಟ್ಟು, ಜೊತೆಗೆ ಮೆಣಸಿನಕಾಯಿ. ತಟ್ಟೆಗೆ ಎಷ್ಟು ಖರ್ಚು ಅಂತ ಲೆಕ್ಕದವರು ಕೂಡಿ ಕಳೆದು ನಾಲ್ಕು ರೂಪಾಯಿ ತೆಗೆದರು, ಹತ್ತಕ್ಕೆ ಮಾರಿದರು. ಮಜಾ ಅಂದರೆ ಗಿರಾಕಿಗಳೆಲ್ಲ ಮರಾಠಿ, ಹಿಂದಿ ಮಹಡಿಯವರು. ಗಿರ್ಮಿಟ್ ಅಂದರೆ ಏನು ಅಂತ ಅವರಿಗೆ ಹೇಳಬೇಕಲ್ಲ! ಮರಾಠಿ ಪುಸ್ತಕ ತೆಗೆದರೆ ಆಕಳಿಸುವ ಹುಡುಗ “ಭೇಲ್ ನಾಹೀ, ತ್ಯಾಪೇಕ್ಷಾ ಚಾಂಗ್ಲಂ” (ಭೇಲ್ ಅಲ್ಲ, ಅದಕ್ಕಿಂತ ಚೆನ್ನಾಗಿದೆ) ಅಂತ ಕೂಗುತ್ತಿದ್ದ. ಸಾಲ ತೀರಿ ತಲೆಗೆ ಮೂವತ್ತರ ಹತ್ತಿರ ಉಳಿಯಿತು. ನನ್ನ ಹಣ ಆ ವರ್ಷ ಬಹುತೇಕ ಪೂರ್ತಿ ಬಂತು.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಮುಂಬೈ ಮಾರ್ಕೆಟ್ಟಿನಲ್ಲಿ ಸಮುದ್ರ ಮೇಥಿ ಸಿಗುತ್ತಲ್ಲ, ಮರಳಿನಲ್ಲಿ ಬೆಳೆಸುವ ಎಳೇ ಮೆಂತ್ಯ, ಸಣ್ಣ ಸಣ್ಣ ಕಟ್ಟು. ಮೀನಿನವರು ಬಿಸಾಡಿದ ಥರ್ಮಾಕೋಲ್ ಡಬ್ಬಿ ತೊಳೆದು ವರಾಂಡದಲ್ಲಿ ಅದನ್ನೇ ಬೆಳೆಸಿದೆವು. ಮೊದಲ ಬಿತ್ತನೆ ಪೂರಾ ಪಾರಿವಾಳಗಳ ಪಾಲು. ಎರಡನೆಯದಕ್ಕೆ ಹಳೇ ಸೊಳ್ಳೆಪರದೆ ಕಟ್ಟಿದೆವು, ಡಬ್ಬಿಯಿಂದ ಮೀನಿನ ವಾಸನೆ ಹೋಗಲಿಲ್ಲ. ಮೂರನೇ ಸಲ ವಾರ ಹತ್ತು ದಿನದಲ್ಲಿ ಹಸಿರು ಬಂತು. ಸ್ಟಾಫ್ ರೂಮಿನವರೇ ಕೊಂಡರು. ಲಾಭ ಲೆಕ್ಕಕ್ಕಿಲ್ಲ. ಆದರೆ ಮಳೆ ನಿಂತ ಮೇಲೆ ಮಳೆ ಪಟ್ಟಿಯ ಜೋಡಿಗೆ ಈಗ ಮೆಂತ್ಯದ ಪಾಳಿ.

ಒಟ್ಟು ಖರ್ಚು ವರ್ಷಕ್ಕೆ ಎರಡು ಎರಡೂವರೆ ಸಾವಿರ ನನ್ನ ಕೈಯಿಂದ. ಅದರಲ್ಲಿ ಸಂತೆಯ ಸಾಲದ ಹಣ ತಿರುಗಿ ಬರುತ್ತೆ. ನೋಟ್‌ಬುಕ್ಕಿಗೆ ನೂರೈವತ್ತು ಹಿಡಿಯಿರಿ. ಜೋಡಿ ಹಾಕುವಾಗ ಯಾರ ಜೊತೆ ಯಾರು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ, ಅದು ಹಾಜರಿ ಪುಸ್ತಕದ ರಟ್ಟಿನೊಳಗೆ ಇರುತ್ತೆ. ಮಕ್ಕಳಿಗೆ ಚೀಟಿ ಎತ್ತಿದ್ದು ಅಂತಲೇ ಗೊತ್ತು.

ಶುರು ಮಾಡುವವರು ಜೂನ್‌ನಲ್ಲೇ ಏಳೂ ಕೆಲಸ ಹಚ್ಚಬೇಡಿ. ನೀರು ಮತ್ತು ಹಾಜರಿ ಎರಡೇ ಸಾಕು, ಗಣಪತಿ ಹಬ್ಬ ಕಳೆದ ಮೇಲೆ ಉಳಿದವು. ಮಳೆ ಪಟ್ಟಿ ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರಲಿ. ಪಾಲಕರ ಸಭೆಯಲ್ಲಿ ಮೊದಲೇ ಹೇಳಿ, ಇಲ್ಲದಿದ್ದರೆ ‘ನಮ್ಮ ಹುಡುಗನ ಕೈಲಿ ನೀರು ಹೊರಿಸ್ತಾರೆ’ ಅಂತ ಬರುತ್ತಾರೆ. ನನ್ನ ಹತ್ತಿರವೂ ಬಂದಿದ್ದರು. ಬಾಟಲಿ ತುಂಬುವುದಷ್ಟೇ, ಕೊಡ ಹೊರುವುದಲ್ಲ ಅಂತ ತೋರಿಸಿದ ಮೇಲೆ ಸುಮ್ಮನಾದರು.

ಶೌಚಾಲಯದ ಬೀಗದ ಪಾಳಿ ಮಾತ್ರ ಇನ್ನೂ ದಾರಿಗೆ ಬಂದಿಲ್ಲ. ಯಾರಿಗೂ ಅದು ಬೇಡ. ಕೀಲಿ ಕಳೆದು ಹೊಸದು ಮಾಡಿಸಿದ್ದಕ್ಕೇ ಮುನ್ನೂರು ಹೋಗಿರಬೇಕು. ಈ ವರ್ಷ ಬೀಗದವರು ಸಂತೆಯಲ್ಲಿ ಮೊದಲ ಜಾಗ ಆರಿಸಿಕೊಳ್ಳಬಹುದು ಅಂದಿದ್ದೇನೆ. ಇಬ್ಬರು ಕೈ ಎತ್ತಿದ್ದಾರೆ, ಇಬ್ಬರೂ ಗಿರ್ಮಿಟ್ ಗುಂಪಿನವರೇ.