ವೆಂಗುರ್ಲೆಯ ಮೂಡಗಾಳಿ

ಪುಣೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಹವಾಮಾನ ನಕ್ಷೆಗಳ ವಿಶ್ಲೇಷಣೆ ಮತ್ತು ಮುನ್ಸೂಚನೆಯ ಪೇಪರನ್ನು ನಾನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ, ಹೊನ್ನಾವರದಲ್ಲಿ ಹುಟ್ಟಿದವನಿಗೆ ಮಳೆಯ ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಹಮ್ಮು. 1928ರಲ್ಲಿ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ ಶಿವಾಜಿನಗರದ ಆ ಕಲ್ಲುಕಟ್ಟಡಕ್ಕೆ ‘ಸಿಮ್ಲಾ ಆಫೀಸ್’ ಎಂಬ ಹೆಸರು ಇಂದಿಗೂ ಉಳಿದಿದೆ. ದಿನವೂ ಅದರ ಮುಂದೆಯೇ ಬಸ್ಸಿನಲ್ಲಿ ಹೋಗುತ್ತಿದ್ದ ನನಗೆ ಅರ್ಧ ವಿದ್ಯೆ ಆಗಲೇ ಬಂದುಬಿಟ್ಟಂತೆ ಅನ್ನಿಸುತ್ತಿತ್ತು.

ಮೊದಲ ಪ್ರಾಯೋಗಿಕ ತರಗತಿಯಲ್ಲಿಯೇ ಆ ಹಮ್ಮು ಇಳಿಯಿತು. ನಮ್ಮ ಕೈಗೆ ಬಂದದ್ದು ಬೆಳಿಗ್ಗೆ ಎಂಟೂವರೆಯ ನಕ್ಷೆ. ಗ್ರೀನಿಚ್‌ಗೆ ಹೊಂದಿಸಿದ ಜಗತ್ತಿನ ಗಡಿಯಾರದಲ್ಲಿ ಅದು 03 ಗಂಟೆ. ದೇಶದ ಹವಾಮಾನ ಠಾಣೆಗಳೆಲ್ಲ ಅದೇ ಹೊತ್ತಿಗೆ ಉಪಕರಣಗಳನ್ನು ಓದಿ ವರದಿ ಕಳುಹಿಸುತ್ತವೆ. ನಕ್ಷೆಯಲ್ಲಿ ಪ್ರತಿ ಠಾಣೆಗೂ ಒಂದು ಪುಟ್ಟ ವೃತ್ತ, ಅದರ ಬಲಭಾಗದ ಮೇಲ್ತುದಿಯಲ್ಲಿ ವಾಯುಭಾರದ ಮೂರು ಅಂಕಿಗಳು. 042 ಎಂದಿದ್ದರೆ 1004.2 ಹೆಕ್ಟೊಪ್ಯಾಸ್ಕಲ್, 984 ಎಂದಿದ್ದರೆ 998.4, ಮೊದಲಿಗೆ ಬರಬೇಕಾದ 10 ಅಥವಾ 9ನ್ನೂ ದಶಾಂಶ ಬಿಂದುವನ್ನೂ ಓದುವವನೇ ಸೇರಿಸಿಕೊಳ್ಳಬೇಕು. ನಾನು ರಾಜಸ್ಥಾನದ ಒಂದು ಠಾಣೆಗೆ ತಪ್ಪು ಅಂಕಿ ಸೇರಿಸಿ, ಬೇಸಿಗೆಯ ಕಾವಿನಿಂದ ಭಾರ ಕುಸಿದಿರುವ ಜಾಗದಲ್ಲಿ ದೇಶದಲ್ಲೇ ಅತಿ ಹೆಚ್ಚು ವಾಯುಭಾರವನ್ನು ತಂದು ಕೂರಿಸಿದ್ದೆ. ವೃತ್ತದಿಂದ ಹೊರಟ ಕಡ್ಡಿ ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ತೋರಿಸುತ್ತದೆ. ಅದರ ತುದಿಯ ಅರ್ಧ ಗರಿ ಎಂದರೆ 5 ನಾಟ್ ವೇಗ, ಪೂರ್ತಿ ಗರಿ ಎಂದರೆ 10.

ಒಂದೇ ವಾಯುಭಾರವಿರುವ ಜಾಗಗಳನ್ನು ಸೇರಿಸುವ ಸಮಭಾರ ರೇಖೆಗಳನ್ನು ನಮ್ಮಲ್ಲಿ 2 ಹೆಕ್ಟೊಪ್ಯಾಸ್ಕಲ್ ಅಂತರದಲ್ಲಿ ಎಳೆಯುವುದು ರೂಢಿ. ಅವು ಒಂದನ್ನೊಂದು ದಾಟಕೂಡದು, ಒಳನಾಡಿನ ನಡುವೆ ತುಂಡಾಗಿ ನಿಲ್ಲಲೂಕೂಡದು. ನಿಯಮ ಇಷ್ಟೇ ಆದರೂ ನನ್ನ ರೇಖೆಗಳು ಒಂದೊಂದು ಠಾಣೆಯ ಅಂಕಿಯನ್ನೂ ಓಲೈಸಲು ಹೋಗಿ ಎರೆಹುಳುವಿನಂತೆ ಬಳುಕುತ್ತಿದ್ದವು. ನೀಟಾಗಿ ಬರಲೆಂದು ರಬ್ಬರು ಹಿಡಿದದ್ದೇ ನಾನು ಮಾಡಿದ ದೊಡ್ಡ ತಪ್ಪು.

ಅದೊಂದು ಜುಲೈ ತಿಂಗಳ ನಕ್ಷೆ. ಕೊಂಕಣದುದ್ದಕ್ಕೂ ಎಲ್ಲ ಠಾಣೆಗಳು ಪಡುವಣ ಗಾಳಿಯನ್ನು ತೋರಿಸುತ್ತಿದ್ದಾಗ ಗೋವಾದ ಉತ್ತರಕ್ಕಿರುವ ವೆಂಗುರ್ಲೆಯ ಠಾಣೆಯೊಂದು ಮಾತ್ರ ಮೂಡಣದಿಂದ 5 ನಾಟ್ ಎಂದಿತ್ತು. ಮುಂಗಾರಿನ ನಡುಮಧ್ಯದಲ್ಲಿ ಸಮುದ್ರದ ಕಡೆಗೆ ಬೀಸುವ ಗಾಳಿಯೇ! ಬರೆದುಕೊಳ್ಳುವಾಗ ಯಾರದೋ ಕೈತಪ್ಪಿರಬೇಕೆಂದು ಅಳಿಸಿ, ರೇಖೆಯನ್ನು ಕರಾವಳಿಗೆ ಸಮಾನಾಂತರವಾಗಿ ಚೆಂದವಾಗಿ ಇಳಿಸಿದೆ. ನಮಗೆ ಪಾಠ ಹೇಳುತ್ತಿದ್ದವರು ಮುನ್ಸೂಚನೆಯ ಕೆಲಸದಲ್ಲೇ ಕೂದಲು ಹಣ್ಣಾದ, ಧಾರವಾಡದ ಕಡೆಯ ಹಿರಿಯರು. ತರಗತಿಯಲ್ಲಿ ಇಂಗ್ಲಿಷು, ಸಿಟ್ಟು ಬಂದರೆ ಕನ್ನಡ. ಹಾಳೆಯನ್ನು ಬೆಳಕಿಗೆ ಹಿಡಿದು, ಅಳಿಸಿದ ಗುರುತನ್ನು ಬೆರಳಿನಿಂದ ಮುಟ್ಟಿ, ‘ವೆಂಗುರ್ಲೆದಾಂವ ಮಳ್ಯಾಗ ನಿಂತು ನೋಡಿ ಬರದಾನ, ನೀ ಇಲ್ಲೆ ಫ್ಯಾನಿನ ಕೆಳಗ ಕುಂತು ಅಳಿಸಿದೇನಪಾ?’ ಎಂದರು.

ಆಮೇಲೆ ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮುಂಗಾರು ಚುರುಕಾಗಿರುವಾಗ ಪಶ್ಚಿಮ ಕರಾವಳಿಯ ಉದ್ದಕ್ಕೂ, ತೀರಕ್ಕೆ ಅಂಟಿಕೊಂಡಂತೆ, ಕಡಿಮೆ ವಾಯುಭಾರದ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯೊಳಗೆ ಕೆಲವೊಮ್ಮೆ ನೂರಿನ್ನೂರು ಕಿಲೋಮೀಟರಿನ ಸಣ್ಣ ಸುಳಿ ಹುಟ್ಟುತ್ತದೆ. ನಮ್ಮ ಗೋಲಾರ್ಧದಲ್ಲಿ ಇಂಥ ಸುಳಿಯ ಸುತ್ತ ಗಾಳಿ ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಸುಳಿಯ ಉತ್ತರಕ್ಕಿರುವ ಠಾಣೆಯಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ. ದಕ್ಷಿಣಕ್ಕಿರುವಲ್ಲಿ ಪಡುಗಾಳಿ ಇಮ್ಮಡಿ ಬಲದಿಂದ ಘಟ್ಟಕ್ಕೆ ಅಪ್ಪಳಿಸುತ್ತದೆ. ಆದ್ದರಿಂದ ಭಾರೀ ಮಳೆಯನ್ನು ಹುಡುಕಬೇಕಾದದ್ದು ಮೂಡಗಾಳಿ ಕಂಡ ಠಾಣೆಯಲ್ಲಿ ಅಲ್ಲ, ಅದರ ದಕ್ಷಿಣಕ್ಕೆ. ನೆಲದಿಂದ ಸಮುದ್ರದತ್ತ ಬೀಸುವ ಬೆಳಗಿನ ನೆಲಗಾಳಿಯೂ ಇದೇ ದಿಕ್ಕಿನದಾಗಿರಬಹುದಲ್ಲ ಎಂದು ನಾನು ವಾದಿಸಿದೆ. ಅದನ್ನು ಬಿಡಿಸಿ ನೋಡಲು ವಾಯುಭಾರದ ಬದಲಾವಣೆಯನ್ನು ಲೆಕ್ಕ ಹಾಕಿಸಿದರು, ಅದೂ ನಿನ್ನೆಯ ಎಂಟೂವರೆಗೆ ಹೋಲಿಸಿ. ವಾಯುಭಾರ ದಿನಕ್ಕೆ ಎರಡು ಬಾರಿ, ಬೆಳಿಗ್ಗೆಯೂ ರಾತ್ರಿಯೂ ಹತ್ತರ ಹೊತ್ತಿಗೆ ಏರಿ, ನಾಲ್ಕರ ಹೊತ್ತಿಗೆ ಇಳಿಯುವುದರಿಂದ, ಮೂರು ಗಂಟೆ ಹಿಂದಿನ ಅಂಕಿಯೊಡನೆ ಹೋಲಿಸಿದರೆ ಈ ಏರಿಳಿತವೇ ನಮ್ಮನ್ನು ಏಮಾರಿಸುತ್ತದೆ. ವೆಂಗುರ್ಲೆಯಿಂದ ಪಣಜಿಯವರೆಗಿನ ತುಂಡಿನಲ್ಲಿ ಮಾತ್ರ ಭಾರ ಅಕ್ಕಪಕ್ಕಕ್ಕಿಂತ ಹೆಚ್ಚು ಇಳಿದಿತ್ತು; ಅದು ಸುಳಿಯೇ ಹೊರತು ನೆಲಗಾಳಿಯಲ್ಲ. ನಕ್ಷೆ ವಾರದಷ್ಟು ಹಳೆಯದು; ಆ ದಿನದ ಮಳೆ ನನಗೆ ಗೊತ್ತೇ ಇತ್ತು. ದಕ್ಷಿಣದ ಹೊನ್ನಾವರದಿಂದ ಆಯಿ ಫೋನಿನಲ್ಲಿ ತೋಟದೊಳಗೆ ಹೊಳೆಯ ನೀರು ಬಂದಿದೆ ಎಂದು ಹೇಳಿದ್ದು ಅದರ ಮರುದಿನವೇ.

ಅಂದಿನಿಂದ ಅನುಮಾನ ಬಂದ ಅಂಕಿಯನ್ನು ನಾನು ಅಳಿಸುವುದಿಲ್ಲ, ಪಕ್ಕದಲ್ಲಿ ತೆಳುವಾಗಿ ಪ್ರಶ್ನೆಚಿಹ್ನೆ ಹಾಕಿ ಮುಂದಿನ ನಕ್ಷೆಗೆ ಕಾಯುತ್ತೇನೆ. ತಪ್ಪು ಅಂಕಿಗಳು ಇಲ್ಲವೆಂದಲ್ಲ, ಬೇಕಾದಷ್ಟಿವೆ. ಆದರೆ ಅವು ಮುಂದಿನ ವರದಿಯಲ್ಲಿ ಬಹಳ ಮಟ್ಟಿಗೆ ತಾವಾಗಿಯೇ ಸರಿಹೋಗುತ್ತವೆ, ಸುಳಿ ಹಾಗೆ ಹೋಗುವುದಿಲ್ಲ.

ಮುನ್ಸೂಚನೆಯ ಭಾಗ ಇನ್ನೂ ಕಠಿಣವಾಗಿತ್ತು. ಮಧ್ಯಾಹ್ನಕ್ಕೆ ಮೊದಲು ಮರುದಿನದ ಪುಣೆಯ ಮಳೆಯನ್ನು ವಹಿಯಲ್ಲಿ ಶಾಯಿಯಲ್ಲಿ ಬರೆದಿಡಬೇಕು, 64.5 ಮಿ.ಮೀ. ಮುಟ್ಟಿದರೆ ‘ಭಾರೀ’, 115.6 ಮುಟ್ಟಿದರೆ ‘ಅತಿ ಭಾರೀ’. ನಮ್ಮ ಪಕ್ಕದ ಕಾಲಮ್ಮಿನಲ್ಲಿ ಸರ್ ‘ಇಂದಿನಂತೆಯೇ ನಾಳೆ’ ಎಂಬ ಒಂದೇ ಮುನ್ಸೂಚನೆಯನ್ನು ದಿನವೂ ಬರೆಯುತ್ತಿದ್ದರು. ಮೊದಲ ತಿಂಗಳು ಆ ಕಾಲಮ್ಮೇ ನನ್ನನ್ನು ಸೋಲಿಸಿತು. ಘಟ್ಟದ ನೆತ್ತಿಯ ಲೋಣಾವಳದಲ್ಲಿ ಸುರಿದದ್ದು ಘಟ್ಟದ ಮರೆಯಲ್ಲಿರುವ ಪುಣೆಗೂ ಸುರಿಯುತ್ತದೆಂದು ಕರಾವಳಿಯವನ ಲೆಕ್ಕದಲ್ಲಿ ಬರೆಯುತ್ತಿದ್ದೆ. ಆ ಚಾಳಿ ಬಿಟ್ಟ ಮೇಲೆ ಸರಿಸಮಕ್ಕೆ ಬಂದೆ.

ಕೊನೆಯ ಅಭ್ಯಾಸಕ್ಕೆ ಕೊಟ್ಟದ್ದು 2005ರ ಜುಲೈ 26ರ ಮುಂಬೈ ನಕ್ಷೆ. ಅಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆಯಾಯಿತು, ಅದೇ ಊರಿನ ಕೊಲಾಬಾದಲ್ಲಿ 75 ಕೂಡ ದಾಟಲಿಲ್ಲ. ನಮ್ಮ ಹಾಳೆಯ ಅಳತೆಗೆ ಆ ಎರಡು ಠಾಣೆಗಳ ವೃತ್ತಗಳು ಒಂದರ ಮೇಲೊಂದು ಬೀಳುತ್ತಿದ್ದವು. ಮಳೆಯ ಪ್ರದೇಶಕ್ಕೆ ಹಸಿರು ಪೆನ್ಸಿಲು ಬಳಿಯುವುದು ಪದ್ಧತಿ. ನಾನು ಇಡೀ ಮುಂಬೈಯನ್ನು ಹಸಿರು ಮಾಡಿ, ಕೊಲಾಬಾದ ಅಂಕಿಗೆ ಅಲ್ಲೆಲ್ಲೂ ಜಾಗವಿಲ್ಲದೆ ಗೆರೆ ಎಳೆದು ಅರಬ್ಬೀ ಸಮುದ್ರದಲ್ಲಿ ಬರೆದೆ. ಸರ್ ಅದಕ್ಕೆ ಅಂಕ ಕಳೆಯಲಿಲ್ಲ.